ಹೆಸರು ಹೇಳದವರಿಗೆ ಔಷಧ ಇಲ್ಲ

ನಮ್ಮ ಊರಿನ ಹೆಸರು ಹೇಳುವುದಿಲ್ಲ. ಮೂಡಲಗಿಗೂ ಕಲ್ಲೋಳಿಗೂ ಹತ್ತಿರದ ಒಂದು ಊರು ಎಂದರೆ ಸಾಕು. ಹೆಸರು ಹೇಳಿದರೆ ಊರಿನವರು ನಾಳೆಯೇ ನಮ್ಮ ಕೇರಿಯ ಮನೆಗೆ ಬರುತ್ತಾರೆ. ನಮ್ಮ ಊರಲ್ಲಿ ಹಾಗೇನೂ ಇರಲಿಲ್ಲ ಎಂದು ಜಗಳ ತೆಗೆಯುತ್ತಾರೆ. ನಾವು ಚಹಾ ಕೊಟ್ಟರೆ ಈಗಷ್ಟೇ ಕುಡಿದು ಬಂದೆವು ಎನ್ನುತ್ತಾರೆ. ಯಾವಾಗ ಬಂದರೂ ಅವರು ಈಗಷ್ಟೇ ಕುಡಿದೇ ಬಂದಿರುತ್ತಾರೆ.

ಯಮನವ್ವ ನಮ್ಮ ಅಜ್ಜಿಯ ತಂಗಿ. ನಾವು ಅವಳನ್ನು ಸಣ್ಣಾಯಿ ಎಂದು ಕರೆಯುತ್ತಿದ್ದೆವು. ಈ ಸಂಗತಿಯನ್ನು ಅವಳ ಬಾಯಿಂದ ನೂರು ಸಲ ಕೇಳಿದ್ದೇನೆ. ಪ್ರತಿ ಸಲವೂ ನಕ್ಕಿದ್ದೇನೆ. ಪ್ರತಿ ಸಲವೂ ಮೈ ಉರಿದಿದೆ. ಎರಡೂ ಒಟ್ಟಿಗೇ ಆಗುತ್ತವೆ, ಏನು ಮಾಡಲಿ.

ಎರಡನೆಯ ಮಹಾಯುದ್ಧ ಶುರುವಾಗುವುದರ ಹಿಂದಿನ ವರ್ಷ. ಊರಲ್ಲಿ ತಾಲೂಕು ಬೋರ್ಡಿನ ಸಣ್ಣ ದವಾಖಾನೆ ಇತ್ತು. ಎರಡು ಕೋಣೆ, ಒಂದು ಪಡಸಾಲೆ, ಒಂದು ಕಬ್ಬಿಣದ ಮಂಚ. ಯಮನವ್ವ ಅಲ್ಲಿ ಕೆಲಸಕ್ಕಿದ್ದಳು. ಹೊತ್ತು ಮೂಡುವ ಮೊದಲು ಹೋಗಿ ಕಸ ಹೊಡೆಯಬೇಕು. ರೋಗಿಗಳು ಉಗುಳಿದ ಬೋಗುಣಿ ತೊಳೆಯಬೇಕು. ರಕ್ತದ ಅರಿವೆ ಹಿಂಡಬೇಕು. ಹೇಲು ಉಚ್ಚೆ ಬಳಿಯಬೇಕು. ಆಮೇಲೆ ಫಿನಾಯಿಲು ಹಾಕಿ ನೆಲ ತಿಕ್ಕಬೇಕು. ಅವಳ ಹತ್ತೂ ಬೆರಳು ಬಿರಿದು ಸೀಳಿದ್ದವು. ರಾತ್ರಿ ಎಣ್ಣೆ ಹಚ್ಚಿ ಮಲಗಿದರೆ ಬೆಳಿಗ್ಗೆ ಮತ್ತೆ ಫಿನಾಯಿಲು.

ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಹೀಗಿತ್ತು: ಯಮ್ನಿ, ಕಸದಾಕಿ.

ಆದರೆ ಅವಳು ಕಸ ಹೊಡೆಯುವುದನ್ನಷ್ಟೇ ಕಲಿತವಳಲ್ಲ. ಗೋಕಾಕದಾಚೆ ಒಂದು ಮಿಶನ್ ದವಾಖಾನೆಯಲ್ಲಿ ಮೂರು ವರ್ಷ ನರ್ಸ್ ಕೆಲಸ ಕಲಿತಿದ್ದಳು. ಓದುವುದು, ಬರೆಯುವುದು, ನಾಡಿ ಹಿಡಿಯುವುದು, ಔಷಧ ಅಳೆಯುವುದು ಎಲ್ಲ ಬರುತ್ತಿತ್ತು. ಅಲ್ಲಿನ ದೊಡ್ಡ ನರ್ಸಬಾಯಿ ಒಂದು ಪಾಠವನ್ನು ಕಲಿಯುವವರ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದಳು. ಬಾಟಲಿಯ ಚೀಟಿ ಮೂರು ಸಲ ಓದು. ಎತ್ತಿಕೊಳ್ಳುವಾಗ ಒಮ್ಮೆ, ಬಗ್ಗಿಸುವಾಗ ಒಮ್ಮೆ, ತಿರುಗಿ ಇಡುವಾಗ ಒಮ್ಮೆ. ರೋಗಿಯ ಹೆಸರನ್ನು ನೀನು ಹೇಳಬೇಡ, ಅವನ ಬಾಯಿಂದ ಹೇಳಿಸು. ನೀನು ಪರಪ್ಪ ಹೌದಲ್ಲ ಎಂದು ಕೇಳಿದರೆ ಜ್ವರದಲ್ಲಿ ಇದ್ದವರೆಲ್ಲ ಹೂಂ ಅನ್ನುತ್ತಾರೆ. ಸಂಶಯ ಬಂದರೆ ಕೊಡಬೇಡ. ಯಾರು ಹೇಳಿದರೂ ಕೊಡಬೇಡ.

ಈ ವಿದ್ಯೆ ಹೊತ್ತುಕೊಂಡು ಊರಿಗೆ ಬಂದವಳ ಕೈಗೆ ಕಸಬರಿಗೆ ಕೊಟ್ಟರು. ಬೇಡ ಅನ್ನಲು ಆಗಲಿಲ್ಲ. ಬೇಡ ಅಂದರೆ ವಾಡೆಯ, ಅಂದರೆ ಇನಾಮದಾರರ ದೊಡ್ಡ ಮನೆಯ, ದನದ ಕೊಟ್ಟಿಗೆ ಕಾದಿತ್ತು. ಅವಳ ಅವ್ವ ಆ ಕೊಟ್ಟಿಗೆಯ ಸೆಗಣಿ ಹೊತ್ತೇ ಬೆನ್ನು ಬಾಗಿಸಿಕೊಂಡಿದ್ದಳು. ಅಕ್ಕ, ಅಂದರೆ ನನ್ನ ಅಜ್ಜಿ, ಆಗಲೂ ಹೊರುತ್ತಿದ್ದಳು. ದವಾಖಾನೆಯ ಕೆಲಸ ಹೋದರೆ ಮೂರನೆಯ ಬುಟ್ಟಿ ಯಮನವ್ವನದು.

ದವಾಖಾನೆಯ ಕಂಪೌಂಡರ್ ರಾಚಪ್ಪ. ಬೆಳಗಾದರೆ ಹಣೆ ತುಂಬ ವಿಭೂತಿ. ಮಾತಿಗೊಮ್ಮೆ ಬಸವಣ್ಣ. ನಮ್ಮಲ್ಲಿ ಮೇಲು ಕೀಳು ಇಲ್ಲವೇ ಇಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಅವನ ಕೈಯಲ್ಲಿ ಒಂದು ತಂಬಿಗೆ ನೀರು ಇರುತ್ತಿತ್ತು. ಯಮನವ್ವ ಒರೆಸಿದ ಕುರ್ಚಿ, ಅವಳು ತೊಳೆದ ಬಾಟಲಿ, ಅವಳು ಸರಿಸಿದ ಮೇಜು, ಎಲ್ಲದರ ಮೇಲೂ ಆ ನೀರು ಚಿಮುಕಿಸುತ್ತಿದ್ದ. ಆ ನೀರನ್ನು ಬಾವಿಯಿಂದ ಸೇದಿ ತರಲು ಬೇರೆ ಆಳು. ಮಳೆ ಬರದ ವರ್ಷವೂ ನಮ್ಮ ದವಾಖಾನೆ ಸದಾ ಹಸಿ ಹಸಿ. ಜಾರಿ ಬಿದ್ದು ಕಾಲು ಉಳುಕಿಸಿಕೊಂಡವರಿಗೆ ಅಲ್ಲೇ ಔಷಧವೂ ಸಿಗುತ್ತಿತ್ತು, ಅದೊಂದು ಅನುಕೂಲ.

ಡಾಕ್ಟರ್ ಗೋಕಾಕದವರು. ವಾರಕ್ಕೆ ಎರಡು ದಿನ ಸೈಕಲ್ ಮೇಲೆ ಬರುತ್ತಿದ್ದರು. ರೋಗಿಗಳನ್ನು ನೋಡಿ, ಪುಸ್ತಕದಲ್ಲಿ ಬರೆದು, ಹುಕ್ಕೇರಿ ಕಡೆಯ ಇನ್ನೊಂದು ದವಾಖಾನೆಗೆ ಹೋಗುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಗಟ್ಟಿಯಾಗಿ ಮಾತಾಡಿದರೆ ಎಲ್ಲಿ ಕೇಳಿಸೀತೋ ಎಂಬ ಹೆದರಿಕೆ ಅವರಿಗೆ. ನಮ್ಮ ಊರಲ್ಲಿ ಮೂರು ಮನೆಗೊಬ್ಬ ಪರಪ್ಪ, ನಾಲ್ಕು ಮನೆಗೊಬ್ಬಳು ಕಾಶೆವ್ವ. ಒಮ್ಮೆ ಒಬ್ಬ ಪರಪ್ಪನ ಜುಲಾಬಿನ ಔಷಧ ಇನ್ನೊಬ್ಬ ಪರಪ್ಪನ ಹೊಟ್ಟೆ ಸೇರಿ, ಅವನು ಮದುಮಗನಾಗಿ ಕುದುರೆ ಏರಿದವನು ಅರ್ಧ ದಾರಿಯಲ್ಲೇ ಇಳಿದು ಜೋಳದ ಹೊಲ ಹೊಕ್ಕಿದ್ದ. ಆವತ್ತಿನಿಂದ ಡಾಕ್ಟರ್ ಒಂದು ನಿಯಮ ಮಾಡಿದರು. ರಾಚಪ್ಪ ಔಷಧ ಬಗ್ಗಿಸಬೇಕು. ಯಮನವ್ವ ಪುಸ್ತಕ ಹಿಡಿದು ಎರಡು ಮಾರು ದೂರ ನಿಂತು ಹೆಸರು ಕೇಳಬೇಕು. ಹೆಸರು ಕೂಡಿದರೆ ಗೀಟು ಹಾಕಬೇಕು. ಆಮೇಲೆ ರೋಗಿ ಕುಡಿಯಬೇಕು.

ಹೀಗೆ ಮುಟ್ಟುವ ಹಕ್ಕಿಲ್ಲದವಳಿಗೆ ಕೇಳುವ ಕೆಲಸ ಬಂತು. ಊರಿಗೆ ಇದು ಸೇರಲಿಲ್ಲ. ಹೆಸರು ಕೇಳುವವರು ಇವರು. ಯಾವ ಕೇರಿ, ಯಾರ ಮಗಳು, ಇಲ್ಲಿ ಯಾಕ ನಿಂತಿ ಎಂದು ಕೇಳುವವರು ಇವರು. ಈಗ ಹೊಲಗೇರಿಯ ಹೆಣ್ಣೊಂದು ಪುಸ್ತಕ ಹಿಡಿದು ಹೆಸರು ಹೇಳ್ರಿ ಅನ್ನುತ್ತಿದೆ. ಅದೂ ಅವಳ ಹೆಸರು ಯಮನವ್ವ. ಯಮನ ಮುಂದೆ ಹಾಜರಿ ಕೊಟ್ಟು ಔಷಧ ಕುಡಿಯಬೇಕಾಯಿತಲ್ಲ ಎಂದು ಗೊಣಗಿದರು. ಗೊಣಗುತ್ತಲೇ ಹೇಳಿದರು. ಹೊಟ್ಟೆನೋವು ಬಂದಾಗ ಸೊಕ್ಕು ಸ್ವಲ್ಪ ಇಳಿದಿರುತ್ತದೆ.

ಮಾವಿನ ಕಾಲ. ವಾಡೆಯ ಇನಾಮದಾರ ಅಣ್ಣಾಸಾಹೇಬರು ಬೀಗರೊಡನೆ ಪಂಥ ಕಟ್ಟಿ ಹದಿನೆಂಟು ಹೋಳಿಗೆಯನ್ನೂ ಒಂದು ಕೊಳಗ ಮಾವಿನ ಸೀಕರಣಿಯನ್ನೂ ಉಂಡರು. ಪಂಥ ಗೆದ್ದರು. ಬೆಳಗಾಗುವುದರೊಳಗೆ ಹನ್ನೊಂದು ಸಲ ತಂಬಿಗೆ ಹಿಡಿದು ಓಡಿದರು. ಮುಂಜಾನೆ ಅವರನ್ನು ಚಕ್ಕಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ತಂದರು. ಜೊತೆಗೆ ಹೆಂಡತಿ ಪಾರವ್ವ, ಒಂದು ಬೆಳ್ಳಿ ಲೋಟ, ಒಂದು ಬೆಳ್ಳಿ ತಂಬಿಗೆ. ದವಾಖಾನೆಯಲ್ಲಿ ಬಾಟಲಿ ಕೊಡುತ್ತಿರಲಿಲ್ಲ, ಮನೆಯಿಂದ ತರಬೇಕು. ವಾಡೆಯಿಂದ ಬಂದದ್ದು ಚಪ್ಪಟೆ ಬ್ರಾಂದಿ ಬಾಟಲಿ. ಹೆಂಡವನ್ನು ಕಣ್ಣಿಂದಲೂ ನೋಡದ ಮನೆತನದಲ್ಲಿ ಆ ಬಾಟಲಿ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ.

ಡಾಕ್ಟರ್ ನೋಡಿದರು. ಹೊಟ್ಟೆ ಹಿಡಿಯಲಿಕ್ಕೆ ಔಷಧ ಬರೆದರು. ಮೊದಲ ಮೂರು ಗುಟುಕು ಇಲ್ಲೇ ಕುಡಿದು, ಓಟ ನಿಂತ ಮೇಲೆ ಮನೆಗೆ ಹೋಗಲಿ ಎಂದರು.

ಅದೇ ಮುಂಜಾನೆ ಹೊರಗೆ ಬೇವಿನ ಗಿಡದ ಕೆಳಗೆ ವಾಡೆಯ ಆಳು ಅಣ್ಯಾ ಕುಳಿತಿದ್ದ. ಕಸ ಹೊಡೆಯಲಲ್ಲದೆ ನಮ್ಮ ಕೇರಿಯವರು ಪಡಸಾಲೆ ಹತ್ತುವಂತಿರಲಿಲ್ಲ. ವಾಡೆಯ ನೆಲದಡಿಯ ಹಗೇವಿನಿಂದ ಜೋಳದ ಚೀಲ ಮೇಲೆತ್ತುವಾಗ ಅವನ ಬೆನ್ನು ಹಿಡಿದುಕೊಂಡಿತ್ತು. ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ವಾಡೆಯವರಿಗೆ ಅದು ಗೊತ್ತಾಗಲಿಲ್ಲ, ಅವನು ನೆಟ್ಟಗೆ ನಿಂತದ್ದನ್ನು ಅವರು ಎಂದೂ ನೋಡಿರಲಿಲ್ಲ. ಡಾಕ್ಟರ್ ಅಲ್ಲಿಗೇ ಹೋಗಿ ನೋಡಿದರು. ಬೆನ್ನಿಗೆ ತಿಕ್ಕುವ ಔಷಧ ಬರೆದರು. ಅದರಲ್ಲಿ ಸಾಬೂನು, ಕರ್ಪೂರ, ಬಚನಾಗ ಎಂಬ ವಿಷದ ಬೇರಿನ ರಸ. ಮೈ ಮೇಲೆ ಹಚ್ಚಿದರೆ ನೋವು ಮರಗಟ್ಟುತ್ತದೆ. ಹೊಟ್ಟೆಗೆ ಹೋದರೆ ಎದೆಯೇ ನಿಲ್ಲುತ್ತದೆ. ಅಣ್ಯಾನೂ ಬಾಟಲಿ ತಂದಿದ್ದ. ವಾಡೆಯ ಹಿತ್ತಲಲ್ಲಿ ಬಿಸಾಕಿದ್ದ ಚಪ್ಪಟೆ ಬ್ರಾಂದಿ ಬಾಟಲಿ.

ಹೊಟ್ಟೆಯ ಔಷಧವೂ ಬೆಳ್ಳಗೆ, ಬೆನ್ನಿನ ಔಷಧವೂ ಬೆಳ್ಳಗೆ. ಅದಕ್ಕೂ ಕರ್ಪೂರ, ಇದಕ್ಕೂ ಕರ್ಪೂರ. ರಾಚಪ್ಪನ ಮೂಗು ನಶ್ಯ ಏರಿಸಿ ಏರಿಸಿ ಎಂದೋ ಕೆಲಸ ಬಿಟ್ಟಿತ್ತು. ಆದರೂ ಹೆದರಿಕೆ ಇರಲಿಲ್ಲ. ಡಾಕ್ಟರ್ ತಮ್ಮ ಕೈಯಾರೆ ಎರಡು ಚೀಟಿ ಬರೆದು, ಮೇಲೆ ಹೆಸರು, ಕೆಳಗೆ ಒಂದರಲ್ಲಿ ಹೊಟ್ಟೆಗೆ, ಇನ್ನೊಂದರಲ್ಲಿ ಮೈಗೆ ಎಂದು ಬರೆದು, ಗಂಜಿ ಹಚ್ಚಿ ಅಂಟಿಸಿ, ಸೈಕಲ್ ಏರಿ ಹೋದರು.

ರಾಚಪ್ಪ ಬಗ್ಗಿಸುವಾಗ ಮೇಜಿನ ಮೇಲೆ ಚೆಲ್ಲಿತ್ತು. ಯಮನವ್ವ ಎರಡೂ ಬಾಟಲಿ ಎತ್ತಿ ಮೇಜು ಒರೆಸಿ ತಿರುಗಿ ಇಟ್ಟಳು. ಒಂದು ಕ್ಷಣದ ಕೆಲಸ. ರಾಚಪ್ಪ ನೋಡಿದ. ಇನಾಮದಾರರ ಔಷಧವನ್ನೇ ಮುಟ್ಟಿದಳಲ್ಲ ಎಂದು ಅವನ ಜೀವ ಹಾರಿತು. ಆವತ್ತು ಚಿಮುಕಿಸಿದರೆ ಸಾಲದು ಅನ್ನಿಸಿತು. ದೊಡ್ಡವರ ಔಷಧ, ದೊಡ್ಡ ಶುದ್ಧಿ. ತಂಬಿಗೆಯನ್ನು ಇಡಿಯಾಗಿ ಬಾಟಲಿಗಳ ಮೇಲೆ ಸುರಿದ.

ಹಸಿ ಗಂಜಿ ಬಿಟ್ಟಿತು. ಶಾಯಿ ಇಳಿಯಿತು. ಚೀಟಿಗಳೆರಡೂ ಜಾರಿ ಮೇಜಿನ ಮೇಲೆ ಈಜಿದವು. ರಾಚಪ್ಪ ಅವನ್ನು ಹಿಡಿದು ಮತ್ತೆ ಬಾಟಲಿಗಳಿಗೆ ಮೆತ್ತಿದ. ಯಾವ ಚೀಟಿ ಯಾವುದಕ್ಕೆ ಎಂದು ಅವನಿಗೂ ಗೊತ್ತಿಲ್ಲ, ಅವನ ಬಸವಣ್ಣನಿಗೂ ಗೊತ್ತಿಲ್ಲ. ಯಮನವ್ವ ಮೂಲೆಯಲ್ಲಿ ನಿಂತು ಎಲ್ಲ ನೋಡಿದಳು. ಚೀಟಿ ತೊಳೆದು ಹೋಯಿತು ಎಂದು ಹೇಳಿದಳು. ಬಾಯಿ ಮುಚ್ಚಿಕೊಂಡು ಕಸ ಹೊಡಿ ಎಂದು ರಾಚಪ್ಪ ಹೇಳಿದ.

ಔಷಧ ಕುಡಿಸುವ ಹೊತ್ತಾಯಿತು. ರಾಚಪ್ಪ ಒಂದು ಬಾಟಲಿ ಎತ್ತಿಕೊಂಡು ಮಂಚದ ಹತ್ತಿರ ಬಂದ. ಯಮನವ್ವ ಪುಸ್ತಕ ಹಿಡಿದು ಎರಡು ಮಾರು ದೂರ ನಿಂತಳು. ಪುಸ್ತಕ ನೋಡಿದಳು. ಅಣ್ಣಾಸಾಹೇಬ, ಹೊಟ್ಟೆಗೆ. ಅದರ ಕೆಳಗೇ ಅಣ್ಣಾಸಾಹೇಬ, ಮೈಗೆ. ಒಬ್ಬನಿಗೇ ಎರಡು ಔಷಧವೋ, ಇಬ್ಬರಿಗೆ ಒಂದೊಂದೋ ತಿಳಿಯಲಿಲ್ಲ. ರಾಚಪ್ಪನ ಕೈಯ ಬಾಟಲಿ ನೋಡಿದಳು. ಅಣ್ಣಾಸಾ ಅಂತ ಇತ್ತು, ಮುಂದೆ ನೀಲಿ ನೀರು. ಮೇಜಿನ ಮೇಲಿದ್ದ ಬಾಟಲಿ ನೋಡಿದಳು. ಅದರಲ್ಲೂ ಅಣ್ಣಾಸಾ, ಮುಂದೆ ನೀಲಿ ನೀರು.

"ಹೆಸರು ಹೇಳ್ರಿ ಧಣ್ಯಾರ" ಎಂದಳು.

ಇನಾಮದಾರರು ಎಡಗಡೆ ನೋಡಿದರು. ಬಲಗಡೆ ನೋಡಿದರು. ಯಾರನ್ನು ಕೇಳುತ್ತಿದ್ದಾಳೆ ಎಂದು ಹುಡುಕಿದರು. ತಮ್ಮನ್ನೇ ಎಂದು ತಿಳಿದಾಗ ಅವರ ಮೀಸೆ ನೆಟ್ಟಗಾಯಿತು. ಅವರ ಹೆಸರನ್ನು ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಗೋಕಾಕದ ಕಚೇರಿಯಲ್ಲೂ ಕೇಳಿರಲಿಲ್ಲ. ಹನ್ನೆರಡು ಹಳ್ಳಿಗೆ ಗೊತ್ತಿದ್ದ ಹೆಸರನ್ನು ಕಸದಾಕಿಯ ಮುಂದೆ ಒಪ್ಪಿಸಬೇಕೇ ಎಂದು ಕೂಗಿದರು. ಕೂಗಿದ ರಭಸಕ್ಕೆ ಹೊಟ್ಟೆ ಎಚ್ಚರಾಯಿತು. ತಂಬಿಗೆ ಹಿಡಿದು ಹಿತ್ತಲಿಗೆ ಓಡಿದರು.

ತಿರುಗಿ ಬಂದರು. ಯಮನವ್ವ ಅಲ್ಲೇ ನಿಂತಿದ್ದಳು. ಹೆಸರು ಹೇಳ್ರಿ ಎಂದಳು. ಇವರು ಯಾರು ಅಂತ ನಿನಗ ಗೊತ್ತಿಲ್ಲೇನು ಎಂದು ರಾಚಪ್ಪ ಗದರಿದ. ಇವರು ಯಾರು ಎಂಬುದು ಗೊತ್ತು, ಬಾಟಲಿ ಯಾರದು ಎಂಬುದು ಗೊತ್ತಿಲ್ಲ ಎಂದು ಯಮನವ್ವ ಹೇಳಿದಳು. ಇನಾಮದಾರರು ಹಲ್ಲು ಕಚ್ಚಿ ಕುಳಿತರು. ಹೇಳುವುದಿಲ್ಲ ಎಂದರೆ ಹೇಳುವುದಿಲ್ಲ. ಮತ್ತೆ ಓಡಿದರು. ಮತ್ತೆ ಬಂದರು. ಈ ಸಲ ಮುಖ ಬಿಳಿಚಿತ್ತು.

ಪಾರವ್ವ ಗಂಡನ ಸ್ಥಿತಿ ನೋಡಿದಳು. ಗಂಡ ಹೇಳುವುದಿಲ್ಲ, ತಾನು ಹೇಳುವ ಹಾಗಿಲ್ಲ. ಗಂಡನ ಹೆಸರನ್ನು ನಮ್ಮ ಕಡೆಯ ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾದರೆ ಪ್ರಾಸದ ಒಡಪು ಕಟ್ಟಿ ಅದರೊಳಗೆ ಸೇರಿಸಿ ಹೇಳಬೇಕು. ಅದೂ ಲಗ್ನದಲ್ಲಿ, ಬಸಿರಿಯ ಕುಬಸದಲ್ಲಿ. ದವಾಖಾನೆಯಲ್ಲಿ ಫಿನಾಯಿಲಿನ ವಾಸನೆಯ ನಡುವೆ ಯಾರೂ ಒಡಪು ಹೇಳಿರಲಿಲ್ಲ. ಪಾರವ್ವ ಸೆರಗು ತಲೆ ಮೇಲೆ ಎಳೆದುಕೊಂಡಳು. ಗಂಟಲು ಸರಿಮಾಡಿಕೊಂಡಳು. ಕಣ್ಣು ಮುಚ್ಚಿ ರಾಗವಾಗಿ ಹೇಳಿದಳು:

"ಧುಪದಾಳದ ಹೊಳಿಗೆ ಕಟ್ಯಾರ ಕಲ್ಲಿನ ಒಡ್ಡ,
ಮುಂಜಾನಿಂದ ನಮ್ಮವರಿಗೆ ಬಂದಿಲ್ಲ ಯಾವುದೂ ಅಡ್ಡ,
ಸೀಕರಣಿ ಉಂಡ ಅಣ್ಣಾಸಾಹೇಬರ ಹೊಟ್ಟಿ ಭಾಳ ದೊಡ್ಡ."

ಒಳಗೆ ಯಾರೂ ನಗಲಿಲ್ಲ. ನಗುವ ಧೈರ್ಯ ಇರಲಿಲ್ಲ. ಆದರೆ ಹೊರಗೆ ಬೇವಿನ ಗಿಡದ ಕೆಳಗಿನಿಂದ ಒಂದು ದನಿ ಬಂತು.

"ಓ ಎವ್ವಾರ, ನನ್ನ ಕರದ್ರೇನ್ರಿ?"

ಅಣ್ಯಾ. ಸೊಂಟ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದಿದ್ದ.

ಅವನ ಪೂರ್ತಿ ಹೆಸರು ಅಣ್ಣಾಸಾಹೇಬ. ಅವನ ಅವ್ವ ಮುದಕವ್ವ ವಾಡೆಯ ಕೊಟ್ಟಿಗೆಯಲ್ಲಿ ದುಡಿಯುತ್ತಿದ್ದಾಗ ಇವನು ಹುಟ್ಟಿದ. ದಿನಾ ಸಾಹೇಬ ಸಾಹೇಬ ಎಂದು ಕೈ ಮುಗಿದು ಮುದಕವ್ವನಿಗೆ ಬೇಸರ ಬಂದಿತ್ತು. ಕೈ ಮುಗಿಯದೆ, ಕಿವಿ ಹಿಂಡಿ ಕರೆಯಬಹುದಾದ ಒಬ್ಬ ಸಾಹೇಬ ತನ್ನ ಮನೆಯಲ್ಲೂ ಇರಲಿ ಎಂದು ಅದೇ ಹೆಸರಿಟ್ಟಳು. ಊರು ಒಂದೇ ವಾರದಲ್ಲಿ ಆ ಹೆಸರನ್ನು ಕತ್ತರಿಸಿ ಅಣ್ಯಾ ಮಾಡಿತು. ನಮ್ಮ ಕೇರಿಯ ಎಲ್ಲ ಹೆಸರಿಗೂ ಇದೇ ಗತಿ. ಹೆತ್ತವರು ಪೂರ್ತಿ ಇಡುತ್ತಾರೆ, ಊರು ಅರ್ಧ ಕರೆಯುತ್ತದೆ. ಡಾಕ್ಟರ್ ಹೊರಗಿನವರು, ಅವರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಹೆಸರು ಕೇಳಿದರು, ಅವನು ಹೇಳಿದ, ಪೂರ್ತಿ ಬರೆದರು. ಅದೇ ಕೇರಿಯವಳಾದ ಯಮನವ್ವನಿಗೂ ಅವನು ಅಣ್ಯಾ ಆಗಿಯೇ ನೆನಪಿದ್ದ. ಅದು ನೆನೆದಾಗಲೆಲ್ಲ ಅವಳು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು.

ಇನಾಮದಾರರಿಗೆ ಹೊಟ್ಟೆನೋವು ಮರೆತುಹೋಯಿತು. ತಮ್ಮ ಹೆಸರು ಹೊಲಗೇರಿಯಲ್ಲಿ ಮೂವತ್ತು ವರ್ಷದಿಂದ ಅಡ್ಡಾಡುತ್ತಿದೆ ಎಂದು ಈಗ ತಿಳಿಯಿತು. ಈ ಕ್ಷಣವೇ ಆ ಹೆಸರು ಬಿಡು ಎಂದರು. ಬಿಡಾಕ ಅದು ಅಂಗಿ ಏನ್ರಿ ಎಂದು ಅಣ್ಯಾ ಕೇಳಿದ. ಅವನಿಗೆ ನಿಜವಾಗಿ ತಿಳಿಯದೆ ಕೇಳಿದನೋ, ಚೇಷ್ಟೆಯೋ, ಇಂದಿಗೂ ಕೇರಿಯಲ್ಲಿ ವಾದ ಇದೆ. ಇನಾಮದಾರರು ಉತ್ತರ ಕೊಡಲು ಬಾಯಿ ತೆರೆದರು. ಹೊಟ್ಟೆ ಬಿಡಲಿಲ್ಲ. ಓಡಿದರು.

ಅವರು ಹಿತ್ತಲಲ್ಲಿದ್ದಾಗ ಯಮನವ್ವ ರಾಚಪ್ಪನಿಗೆ ಮೆಲ್ಲಗೆ ಹೇಳಿದಳು. ಇಬ್ಬರು ಅಣ್ಣಾಸಾಹೇಬರು, ಎರಡು ಒಂದೇ ನಮೂನಿ ಬಾಟಲಿ, ಚೀಟಿ ಅಳಿಸಿವೆ. ಎರಡೂ ಚೆಲ್ಲಿ ಹೊಸದಾಗಿ ಮಾಡಿ. ಅರ್ಧ ತಾಸಿನ ಕೆಲಸ. ಅವಳು ಕೈ ಮುಗಿದೇ ಹೇಳಿದಳು. ಆದರೆ ಚೆಲ್ಲಬೇಕಾದರೆ ಯಾಕೆ ಎಂದು ಹೇಳಬೇಕು. ಯಾಕೆ ಎಂದು ಹೇಳಿದರೆ ತಂಬಿಗೆಯ ಮಾತು ಬರುತ್ತದೆ. ರಾಚಪ್ಪ ತನ್ನ ಕೈಯ ಬಾಟಲಿಯನ್ನು ಕಿವಿಯ ಹತ್ತಿರ ಅಲುಗಾಡಿಸಿದ. ನಶ್ಯದ ಮೂಗಿನಿಂದ ಮೂಸಿದ. ಇದೇ ಹೊಟ್ಟೆಯದು ಎಂದು ತೀರ್ಪು ಕೊಟ್ಟ. ಹೇಗೆ ಗೊತ್ತು ಎಂದು ಯಮನವ್ವ ಕೇಳಿದ್ದಕ್ಕೆ, ದೊಡ್ಡವರ ಔಷಧದ ಕಳೆಯೇ ಬೇರೆ ಎಂದ.

ಇನಾಮದಾರರು ಗೋಡೆ ಹಿಡಿದು ಬಂದು ಮಂಚದ ಮೇಲೆ ಬಿದ್ದರು. ಬೇಗ ಕೊಡೋ ಎಂದು ಕೈ ಚಾಚಿದರು. ರಾಚಪ್ಪ ಬೆಳ್ಳಿ ಲೋಟಕ್ಕೆ ಬಿಳಿ ಔಷಧ ಬಗ್ಗಿಸಿದ.

"ಕೊಡಬ್ಯಾಡ್ರಿ ಕಂಪೌಂಡರ" ಎಂದಳು ಯಮನವ್ವ. "ಧಣ್ಯಾರ, ಕುಡೀಬ್ಯಾಡ್ರಿ. ಅದು ವಿಷ ಇದ್ದರ ಇರಬಹುದು."

ರಾಚಪ್ಪ ಅವಳತ್ತ ತಿರುಗಲೂ ಇಲ್ಲ. "ಕಸ ಹೊಡಿಯಾಕಿ ನೀ. ಹಿಂದ ಸರಿ" ಎಂದ.

ಇನಾಮದಾರರು ಲೋಟಕ್ಕೆ ಕೈ ಹಾಕಿದರು.

ಈ ಜಾಗಕ್ಕೆ ಬಂದಾಗ ಸಣ್ಣಾಯಿ ತನ್ನ ಬಲಗೈ ಬೆರಳು ನೋಡಿಕೊಳ್ಳುತ್ತಿದ್ದಳು. ಆ ಮನುಷ್ಯ ಕುಡಿದು ಸತ್ತಿದ್ದರೆ ತನಗೇನು ನಷ್ಟ ಇತ್ತು ಎಂದು ತಾನೇ ಕೇಳಿಕೊಳ್ಳುತ್ತಿದ್ದಳು. ಅವ್ವನ ಬೆನ್ನು ಮುರಿದವನು ಅವನು. ಅಕ್ಕನ ತಲೆ ಮೇಲೆ ಸೆಗಣಿ ಹೊರಿಸಿದವನು ಅವನು. ಬೇಡ ಎಂದು ಹೇಳಿಯಾಗಿತ್ತು, ಸಾಕ್ಷಿಗೆ ಪಾರವ್ವ ಇದ್ದಳು. ಸುಮ್ಮನೆ ನಿಂತರೂ ಯಾರೂ ಕೇಳುತ್ತಿರಲಿಲ್ಲ. ಆದರೆ ಮಂಚದ ಮೇಲೆ ಇದ್ದವನು ರೋಗಿ, ತಾನು ನರ್ಸು. ಅಷ್ಟೇ ಅವಳ ತಲೆಗೆ ಹೊಳೆದದ್ದು. ಮಾತನ್ನು ಯಾರೂ ಕೇಳುವುದಿಲ್ಲ. ಈ ಊರಲ್ಲಿ ತನ್ನ ಮಾತಿಗೆ ಬೆಲೆ ಇಲ್ಲ. ಬೆಲೆ ಇರುವುದು ಒಂದಕ್ಕೇ, ತನ್ನ ಮುಟ್ಟುವಿಕೆಗೆ.

ಎರಡು ಮಾರು ದಾಟಿ ಬಂದಳು. ಬಲಗೈಯ ಐದೂ ಬೆರಳನ್ನು ಬೆಳ್ಳಿ ಲೋಟದೊಳಗೆ ಅದ್ದಿದಳು. ಚೆನ್ನಾಗಿ ತಿರುವಿದಳು. ತೆಗೆದಳು.

"ಮುಟ್ಟೇನಿ" ಎಂದಳು. "ಈಗ ಕುಡೀರಿ ನೋಡೂಣು."

ಲೋಟ ಇನಾಮದಾರರ ಕೈಯಿಂದ ಬಿತ್ತು. ಬಚನಾಗಕ್ಕೆ ಹೆದರದ ಕೈ ಹೊಲತಿಯ ಬೆರಳಿಗೆ ಹೆದರಿತು. ವಿಷ ಎಂದಾಗ ನಿಲ್ಲದವರು ಮೈಲಿಗೆ ಎಂದಾಗ ನಿಂತರು. ಥೂ ನಿಮ್ಮ.

ಆಮೇಲೆ ಗದ್ದಲ. ರಾಚಪ್ಪ ತಂಬಿಗೆ ಹುಡುಕಿದ. ಅದರಲ್ಲಿ ನೀರಿರಲಿಲ್ಲ, ಮುಂಜಾನೆಯೇ ಮುಗಿಸಿದ್ದ. ಇನಾಮದಾರರು ಬೆತ್ತ ಎತ್ತಿದರು. ಯಮನವ್ವ ಸರಿಯಲಿಲ್ಲ, ಕೈ ಮುಂದೆ ಚಾಚಿ ನಿಂತಿದ್ದಳು. ಬೆರಳು ನೋಡಿಕೊಳ್ಳುತ್ತಿದ್ದಳು. ಬಿರುಕಿನೊಳಗೆ ಸಾಬೂನು ಇಳಿದು ಉರಿ ಹತ್ತಿತ್ತು. ಉರಿಯ ಹಿಂದೆ ಜುಮುಜುಮು ಎಂದಿತು. ಆಮೇಲೆ ಬೆರಳಿನ ತುದಿಗಳು ಒಂದೊಂದಾಗಿ ಇಲ್ಲವಾದವು.

"ಬೆರಳು ಮರಗಟ್ಟಾಕತ್ತಾವ್ರಿ" ಎಂದಳು. "ಇದು ಬೆನ್ನಿಂದು. ನಿಮ್ಮ ಹೊಟ್ಯಾಗ ಹೋಗಿದ್ದರ ಇಷ್ಟೊತ್ತಿಗೆ ನಾಲಿಗಿ ಮರಗಟ್ಟಿ, ಎದಿ ಮರಗಟ್ಟತಿತ್ತು."

ಬೆತ್ತ ಗಾಳಿಯಲ್ಲೇ ನಿಂತಿತು. ಪಾರವ್ವ ಗಂಡನ ಕೈಯಿಂದ ಬೆತ್ತ ತೆಗೆದು ಮೂಲೆಗಿಟ್ಟಳು. ರಾಚಪ್ಪನ ಕಡೆ ತಿರುಗಿ, ಹೊಸದು ಮಾಡು ಎಂದಷ್ಟೇ ಹೇಳಿದಳು. ರಾಚಪ್ಪ ಹಳೆಯ ಬಾಟಲಿ ಕಪಾಟಿಗೆ ತಳ್ಳಿ, ಡಾಕ್ಟರ ಪುಸ್ತಕ ನೋಡಿ, ದವಾಖಾನೆಯದೇ ಒಂದು ಬಾಟಲಿಯಲ್ಲಿ ಹೊಸ ಔಷಧ ಮಾಡಿ ತಂದ. ಆ ಅರ್ಧ ತಾಸಿನಲ್ಲಿ ಇನಾಮದಾರರು ನಾಲ್ಕು ಸಲ ಹಿತ್ತಲು ಕಂಡರು. ಕೊನೆಯ ಸಲ ಅವರನ್ನು ಪಾರವ್ವ ಹಿಡಿದು ತಂದಳು.

ಬೆಳ್ಳಿ ಲೋಟ ನೆಲದ ಮೇಲೇ ಬಿದ್ದಿತ್ತು. ದವಾಖಾನೆಯ ಮಣ್ಣಿನ ಕುಡಿಕೆಗೆ ಔಷಧ ಬಗ್ಗಿಸಿದರು. ಯಮನವ್ವ ಮತ್ತೆ ಎರಡು ಮಾರು ದೂರ ನಿಂತಳು. ಬಲಗೈ ಕೆಲಸ ಮಾಡುತ್ತಿರಲಿಲ್ಲ, ಎಡಗೈಯಲ್ಲಿ ಪುಸ್ತಕ ಹಿಡಿದಳು.

"ಹೆಸರು ಹೇಳ್ರಿ."

ಪಾರವ್ವ ಇನ್ನೊಂದು ಒಡಪಿಗೆ ಸೆರಗು ಎಳೆದುಕೊಂಡಳು. ಇನಾಮದಾರರು ಕೈ ಅಡ್ಡ ಮಾಡಿದರು. ಇನ್ನೊಂದು ಒಡಪು ಮುಗಿಯುವವರೆಗೆ ತಡೆಯುವ ಶಕ್ತಿ ಅವರ ಹೊಟ್ಟೆಗೆ ಇರಲಿಲ್ಲ.

"ಅಣ್ಣಾಸಾಹೇಬ" ಎಂದರು. ಇರುವೆಯ ದನಿ.

"ಓ" ಎಂದು ಹೊರಗಿನಿಂದ ಅಣ್ಯಾ ಅಂದ.

ಯಮನವ್ವ ಗೀಟು ಹಾಕಿದಳು. ಇನಾಮದಾರರು ಕುಡಿದರು. ಸಂಜೆಗೆ ಓಟ ನಿಂತಿತು. ಅಣ್ಯಾನಿಗೂ ಹೊಸ ಔಷಧ ಸಿಕ್ಕಿತು, ಅವನ ಅವ್ವ ತಿಕ್ಕಿದಳು, ಬೆನ್ನು ನೆಟ್ಟಗಾಯಿತು.

ಇಲ್ಲಿಗೇ ಮುಗಿದಿದ್ದರೆ ಇದು ಒಳ್ಳೆಯವರ ಊರು ಆಗುತ್ತಿತ್ತು. ಎಂಟು ದಿನಕ್ಕೆ ವಾಡೆಯಿಂದ ಬೋರ್ಡಿಗೆ ಅರ್ಜಿ ಹೋಯಿತು. ಯಮ್ನಿ ಎಂಬ ಕಸದಾಕಿ ರೋಗಿಯ ಬೆಳ್ಳಿ ಲೋಟದಲ್ಲಿ ಕೈ ಅದ್ದಿ ಮೈಲಿಗೆ ಮಾಡಿದ್ದಾಳೆ, ಅವಳನ್ನು ಕೂಡಲೇ ಕೆಲಸದಿಂದ ತೆಗೆಯಬೇಕು. ಔಷಧದ ಮಾತು ಅರ್ಜಿಯಲ್ಲಿ ಇರಲಿಲ್ಲ. ತಂಬಿಗೆಯ ಮಾತೂ ಇರಲಿಲ್ಲ. ಹೊಟ್ಟೆಯ ಮಾತಂತೂ ಇರಲೇ ಇಲ್ಲ. ಕೊಟ್ಟಿಗೆಯಲ್ಲಿ ಒಂದು ಬುಟ್ಟಿ ಖಾಲಿ ಇಟ್ಟಿದ್ದೇವೆ ಎಂದು ವಾಡೆಯ ಆಳು ನಮ್ಮ ಕೇರಿಗೆ ಬಂದು ಹೇಳಿ ಹೋದ.

ಗೋಕಾಕದಿಂದ ಬೋರ್ಡಿನ ಸಾಹೇಬ ವಿಚಾರಣೆಗೆ ಬಂದ. ಪಡಸಾಲೆಯಲ್ಲಿ ಕುರ್ಚಿ ಹಾಕಿದರು. ಇನಾಮದಾರರು ಜರಿ ರುಮಾಲು ಸುತ್ತಿ ಕುಳಿತರು. ರಾಚಪ್ಪ ವಿಭೂತಿ ದಪ್ಪಗೆ ಬಳಿದು ನಿಂತ. ಹಿಂದಿನ ದಿನವೇ ಡಾಕ್ಟರ್ ಯಮನವ್ವನನ್ನು ಹಿತ್ತಲಿಗೆ ಕರೆದು, ನೀ ಮಾಡಿದ್ದು ಬರೋಬರಿ ಎಂದಿದ್ದರು. ಇಲ್ಲಿ ಯಾಕ ಹೇಳ್ತೀರಿ, ಅಲ್ಲಿ ಹೇಳ್ರಿ ಎಂದು ಅವಳು ಅಂದಿದ್ದಳು. ಅಲ್ಲಿ ಡಾಕ್ಟರ್ ಕನ್ನಡಕ ಒರೆಸುತ್ತಿದ್ದರು. ತುಂಬ ಹೊತ್ತು ಒರೆಸಿದರು.

ಯಮನವ್ವ ಅಂಗಳದಲ್ಲಿ ಬಿಸಿಲಿಗೆ ನಿಂತಿದ್ದಳು. ಲೋಟ ಮುಟ್ಟಿದೆಯಾ ಎಂದು ಸಾಹೇಬ ಕೇಳಿದ. ಹೌದು ಎಂದಳು. ಯಾಕೆ ಎಂದ. ಹೇಳಿದಳು. ಸುಳ್ಳು ಎಂದು ರಾಚಪ್ಪ ಕೂಗಿದ. ಅದು ಹೊಟ್ಟೆಯ ಔಷಧವೇ, ತಾನು ಚೀಟಿ ನೋಡಿಯೇ ಕೊಟ್ಟದ್ದು ಎಂದ. ಇನಾಮದಾರರು ತಲೆ ಆಡಿಸಿದರು.

ಯಮನವ್ವ ಸಾಹೇಬನ ಕಡೆ ನೋಡಿ ಹೇಳಿದಳು, "ಆ ಬಾಟ್ಲಿ ಕಪಾಟದಾಗ ಐತ್ರಿ. ಕಂಪೌಂಡರ ತೊಳದ ಮ್ಯಾಲ ಅದನ್ನ ನಾ ಮುಟ್ಟಿಲ್ಲ. ಲೋಟ ಅಷ್ಟ ಮುಟ್ಟೇನಿ. ಬಾಟ್ಲಿ ಇನ್ನೂ ಮಡೀಲೆ ಐತಿ. ಹೊಟ್ಟೀದ ಔಷಧ ಅಂತಾರಲ್ಲ, ಒಂದ ಗುಟುಕ ಕುಡೀಲಿ. ಧಣ್ಯಾರು ಬ್ಯಾಡ ಅಂದ್ರ ಕಂಪೌಂಡರ ಕುಡೀಲಿ. ಆಮ್ಯಾಗ ನಾ ಬುಟ್ಟಿ ಹೊರಾಕ ಹೋಗ್ತೇನಿ."

ಸಾಹೇಬ ಬಾಟಲಿ ತರಿಸಿದ. ಚಪ್ಪಟೆ ಬ್ರಾಂದಿ ಬಾಟಲಿ, ಅಣ್ಣಾಸಾ, ನೀಲಿ ನೀರು. ಮೇಜಿನ ಮೇಲೆ ಇಟ್ಟ. ಎಲ್ಲರೂ ಅದನ್ನೇ ನೋಡಿದರು. ಇನಾಮದಾರರಿಗೆ ತಾವು ಈಗ ಪೂರ್ತಿ ಗುಣವಾಗಿರುವುದು ನೆನಪಾಯಿತು. ರಾಚಪ್ಪನಿಗೆ ಆವತ್ತು ಒಪ್ಪತ್ತಿನ ಉಪವಾಸ ಎಂದು ನೆನಪಾಯಿತು. ಯಾವ ದೇವರ ಉಪವಾಸ ಎಂದು ಸಾಹೇಬ ಕೇಳಿದ. ರಾಚಪ್ಪನಿಗೆ ಅದು ಮಾತ್ರ ನೆನಪಾಗಲಿಲ್ಲ.

ಅರ್ಜಿ ಬಿದ್ದುಹೋಯಿತು. ಇನಾಮದಾರರಿಗೆ ಶಿಕ್ಷೆ ಇಲ್ಲ, ರಾಚಪ್ಪನಿಗೂ ಇಲ್ಲ. ಅವನು ನೀರು ಸುರಿಯುವುದನ್ನು ಬಿಡಲೂ ಇಲ್ಲ. ಆವತ್ತಿನಿಂದ ಚೀಟಿಗಳಿಗೆ ಮೇಣ ಬಳಿಯತೊಡಗಿದ, ಅಷ್ಟೇ. ಜಾತಿ ಬಿಡುವುದಕ್ಕಿಂತ ಮೇಣ ಕಾಯಿಸುವುದು ಅವನಿಗೆ ಸುಲಭವಾಯಿತು.

ವಿಚಾರಣೆಯ ಕಾಗದಕ್ಕೆ ಸಹಿ ಬೇಕಾಗಿತ್ತು. ಸಾಹೇಬ ಬರೆದು ಮೆಟ್ಟಿಲ ಮೇಲೆ ಇಟ್ಟ. ಹೆಬ್ಬೆಟ್ಟಿಗೆ ಶಾಯಿಯ ಡಬ್ಬಿಯನ್ನೂ ಇಟ್ಟ. ಯಮನವ್ವ ಕಾಗದ ಎತ್ತಿಕೊಂಡು ಓದಿದಳು. ಕೆಲಸದಲ್ಲಿ ಮುಂದುವರಿಸಲಾಗಿದೆ, ಯಮ್ನಿ, ಕಸದಾಕಿ. ಕಾಗದವನ್ನು ತಿರುಗಿ ಮೆಟ್ಟಿಲ ಮೇಲೆ ಇಟ್ಟಳು.

ಸಹಿ ಮಾಡುವುದಿಲ್ಲ ಎಂದಳು. ಸಾಹೇಬನಿಗೆ ತಿಳಿಯಲಿಲ್ಲ. ಕೆಲಸ ಉಳಿದಿದೆಯಲ್ಲ, ಇನ್ನೇನು ಬೇಕು ಎಂದ.

"ಹೆಸರು ಪೂರ್ತಿ ಬರೀರಿ ಸಾಹೇಬ್ರ" ಎಂದಳು. "ಅರ್ಧಾ ಹೆಸರಿಗೆ ಮಂದಿ ಸಾಯ್ತಾರ."

ಡಾಕ್ಟರ ಕನ್ನಡಕ ಒರೆಸುವ ಕೈ ನಿಂತಿತು. ಅವರ ಬಾಯಿಂದ ಆವತ್ತು ಹೊರಟ ಒಂದೇ ಮಾತು ಅದು, ಅದೂ ಅರ್ಧ ಕೇಳಿಸಿತು: ಅವಳು ನರ್ಸು. ಸಾಹೇಬ ಅವರನ್ನೊಮ್ಮೆ ನೋಡಿದ. ಬಾಟಲಿಯನ್ನೊಮ್ಮೆ ನೋಡಿದ. ಪೆನ್ನು ತೆಗೆದು, ನಿನ್ನ ಹೆಸರು ಹೇಳು ಎಂದ.

"ಯಮನವ್ವ."

ಹಳೆಯದನ್ನು ಹೊಡೆದು ಹಾಕಿ ಹೊಸದು ಬರೆದ. ಯಮನವ್ವ, ನರ್ಸ್. ಕಾಗದ ಮತ್ತೆ ಮೆಟ್ಟಿಲ ಮೇಲೆ ಬಂತು. ಬಿಸಿಲಲ್ಲಿ ಶಾಯಿ ಬೇಗ ಒಣಗಿತು. ಅವಳು ಅದನ್ನು ಎತ್ತಿಕೊಳ್ಳುವಾಗ ಒಮ್ಮೆ ಓದಿದಳು. ಸಹಿ ಮಾಡುವ ಮುಂಚೆ ಒಮ್ಮೆ ಓದಿದಳು. ತಿರುಗಿ ಇಡುವಾಗ ಒಮ್ಮೆ ಓದಿದಳು.